ಕಾಂಪೋಟಿನಲ್ಲಿ ಕಲಿತ ಗೇರು

ವಿದೇಶದವರು ನಮ್ಮ ಗದ್ದೆ ರಸ್ತೆಗಳಲ್ಲಿ ಮೊಪೆಡ್ ಕಲಿಯುವುದನ್ನು ನೋಡುತ್ತಾ ಬೆಳೆದವಳು ನಾನು. ನಮ್ಮದು ಗಂಗಾವತಿ ತಾಲ್ಲೂಕು, ಆನೆಗೊಂದಿ ಕಡೆಯ ಒಂದು ಹಳ್ಳಿ. ಹಂಪಿಯ ಎದುರು ತುಂಗಭದ್ರೆಯಲ್ಲಿರುವ ನಡುಗಡ್ಡೆ ವಿರೂಪಾಪುರ ಗಡ್ಡಿ ಅಲ್ಲಿಂದ ದೂರವೇನಿಲ್ಲ. 2020ರಲ್ಲಿ ಕೋರ್ಟಿನ ಆದೇಶದ ಮೇಲೆ ಗಡ್ಡಿಯ ರೆಸಾರ್ಟುಗಳನ್ನು ಕೆಡವಿದರು. ಅಲ್ಲಿಯವರೆಗೂ ಚಳಿಗಾಲ ಬಂತೆಂದರೆ ಆ ಕಡೆ ವಿದೇಶದವರೇ ತುಂಬಿರುತ್ತಿದ್ದರು. ಮೊಪೆಡ್ ಬಾಡಿಗೆಗೆ ತಗೊಂಡು ಸಾಣಾಪುರ ಕೆರೆಗೆ, ಅಂಜನಾದ್ರಿ ಬೆಟ್ಟಕ್ಕೆ ಓಡಾಡುತ್ತಿದ್ದರು. ಅವರಲ್ಲಿ ಎಷ್ಟೋ ಜನ ಗಾಡಿ ಮುಟ್ಟುವುದೇ ಅವತ್ತು ಮೊದಲು ಅನ್ನುವುದು ನೋಡಿದರೇ ಗೊತ್ತಾಗುತ್ತಿತ್ತು.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಒಬ್ಬ ಹೆಂಗಸು ಸೀದಾ ನಮ್ಮ ಗದ್ದೆಗೇ ಬಂದು ಬಿದ್ದಳು. ನಾಟಿ ಮಾಡಿ ಒಂದು ವಾರ ಆಗಿತ್ತು ಅಷ್ಟೇ. ಅವ್ವ ಮತ್ತು ನಾನು ಸೇರಿ ಮೊಪೆಡ್ ಎಳೆದು ಬದುವಿನ ಮೇಲೆ ಹಾಕಿದೆವು. ಆಕೆಯ ಮೈಯೆಲ್ಲಾ ಕೆಸರು. ನಕ್ಕಳು, ಕೈಮುಗಿದಳು, ಮತ್ತೆ ಅದೇ ಗಾಡಿ ಹತ್ತಿ ಹೋದಳು. ನನಗೆ ಬಹಳ ದಿನ ಅದೇ ಕಣ್ಣಲ್ಲಿ ಉಳಿದಿತ್ತು. ಬಿದ್ದವಳು ಅಳಲಿಲ್ಲ, ಗಾಡಿ ಬಿಟ್ಟೂ ಹೋಗಲಿಲ್ಲ.

ನಾನು ಬಿದ್ದಿದ್ದು ಹತ್ತೊಂಬತ್ತನೇ ವಯಸ್ಸಿನಲ್ಲಿ. ಎಂಟನೇ ಕ್ಲಾಸಿಗೆ ಸರ್ಕಾರ ಕೊಟ್ಟ ಸೈಕಲ್ ಚೆನ್ನಾಗಿಯೇ ಹೊಡೆಯುತ್ತಿದ್ದೆ. ಹಾಗಾಗಿ ಅಪ್ಪನ ಟಿವಿಎಸ್ ಎಕ್ಸೆಲ್ ಏನು ಮಹಾ ಅನ್ನಿಸಿತ್ತು. ನಮ್ಮ ಕಡೆ ಎಕ್ಸೆಲ್ ಇಲ್ಲದ ಮನೆ ಹುಡುಕಬೇಕು. ಹುಲ್ಲು, ಗೊಬ್ಬರದ ಚೀಲ, ಹಾಲಿನ ಕ್ಯಾನು, ಎಲ್ಲವೂ ಅದರ ಮೇಲೆಯೇ. ಕಾಲುವೆ ದಂಡೆಯ ಮೇಲೆ ತಮ್ಮ ಕಲಿಸಲು ನಿಂತ. ಹೊರಟ ಹತ್ತು ಮಾರಿಗೇ ಹೆದರಿ ಆಕ್ಸಿಲರೇಟರ್ ಇನ್ನೂ ಜೋರಾಗಿ ತಿರುವಿಬಿಟ್ಟೆ. ದಂಡೆಯಿಂದ ಕೆಳಗೆ ಜಾಲಿ ಗಿಡಕ್ಕೆ ಹೋಗಿ ಬಿದ್ದೆ. ಮೊಣಕೈ ತರಚಿತು, ಅಷ್ಟೇ.

ಆದರೆ ಸಂಜೆಯ ಹೊತ್ತಿಗೆ ಊರಿಗೆಲ್ಲಾ ಗೊತ್ತಾಗಿತ್ತು. ಹಿಟ್ಟಿನ ಗಿರಣಿಯಲ್ಲಿ, ನಲ್ಲಿ ಹತ್ತಿರ, ಬಸ್ಸಿನಲ್ಲಿ ಒಂದೇ ಪ್ರಶ್ನೆ. “ಕಾಲುವ್ಯಾಗ ಬಿದ್ಯಂತಲ್ಲ?” ಕಾಲುವೆಯಲ್ಲಿ ಬಿದ್ದಿರಲಿಲ್ಲ. ಅದನ್ನು ಹೇಳಿ ಹೇಳಿ ಸಾಕಾಯಿತು. ಅಪ್ಪ ಬೈಯಲಿಲ್ಲ. ಬಾಗಿಲ ಪಕ್ಕದ ಮೊಳೆಗೆ ನೇತುಹಾಕುತ್ತಿದ್ದ ಗಾಡಿ ಕೀ ಮಾತ್ರ ಮರುದಿನದಿಂದ ಅಲ್ಲಿ ಇರಲಿಲ್ಲ. ನಾನೂ ಕೇಳಲಿಲ್ಲ. ಹನ್ನೊಂದು ವರ್ಷ ಕೇಳಲಿಲ್ಲ.

ಆಮೇಲೆ ಓದು, ಬಳ್ಳಾರಿಯಲ್ಲಿ ಲ್ಯಾಬ್ ಟೆಕ್ನೀಷಿಯನ್ ಕೆಲಸ. ಎಲ್ಲಿ ಹೋದರೂ ಬಸ್ಸು, ಆಟೋ, ಇಲ್ಲವೇ ಯಾರದೋ ಬೈಕಿನ ಹಿಂದಿನ ಸೀಟು. ಜೊತೆಗೆ ಕೆಲಸ ಮಾಡುವ ರಾಯಚೂರಿನ ಗೆಳತಿಗೆ ಊರೂರು ಸುತ್ತುವ ಹುಚ್ಚು. ಎರಡು ವರ್ಷ ದುಡ್ಡು ಕೂಡಿಟ್ಟು, 2025ರ ಜನವರಿಯಲ್ಲಿ ಇಬ್ಬರೂ ಬೆನ್ನಿಗೊಂದು ಚೀಲ ಹಾಕಿಕೊಂಡು ಕಾಂಬೋಡಿಯಕ್ಕೆ ಹೋದೆವು. ಹಂಪಿ ನೋಡಿ ಬೆಳೆದವರಿಗೆ ಅಲ್ಲಿನ ಹಳೆಯ ಗುಡಿಗಳ ಅಂಕೋರ್ ನೋಡುವ ಆಸೆ ಇದ್ದೇ ಇರುತ್ತದೆ, ಅಲ್ವಾ? ಅಂಕೋರ್ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ. ಒಂದನ್ನು ಮಾತ್ರ ಹೇಳಲೇಬೇಕು. ಅಲ್ಲಿನ 1000 ರಿಯಲ್ ನೋಟು ಕೈಗೆ ಬಂದಾಗ ನಾನು ಅದನ್ನು ಓದಿಬಿಟ್ಟೆ. ಖಮೇರ್ ಭಾಷೆಯ ಒಂದು, ಎರಡು, ಮೂರು ಹೆಚ್ಚುಕಡಿಮೆ ನಮ್ಮ ಕನ್ನಡ ಅಂಕಿಗಳ ಹಾಗೆಯೇ ಇವೆ. ಅವರ ಲಿಪಿ ಹುಟ್ಟಿದ್ದೇ ದಕ್ಷಿಣ ಭಾರತದ ಹಳೆಯ ಪಲ್ಲವ ಲಿಪಿಯಿಂದ. ನೋಟನ್ನು ಗೆಳತಿಗೆ ತೋರಿಸಿದೆ. ಇಬ್ಬರೂ ಅಂಗಡಿ ಮುಂದೆ ನಿಂತು ಚಿಕ್ಕ ಮಕ್ಕಳ ಹಾಗೆ ಒಂದೊಂದೇ ಅಂಕಿ ಓದಿದೆವು. ಅವತ್ತಿನಿಂದ ಆ ದೇಶ ನನಗೆ ಪೂರ್ತಿ ಪರದೇಶ ಅನ್ನಿಸಲಿಲ್ಲ.

ರಾಜಧಾನಿ ನಾಮ್‌ಪೆನ್‌ನಿಂದ ಸುಮಾರು 150 ಕಿಲೋಮೀಟರ್ ದಕ್ಷಿಣಕ್ಕೆ ಕಾಂಪೋಟ್ ಅಂತ ಊರಿದೆ. ಹೊಳೆ ದಂಡೆಯ ಸಣ್ಣ ಊರು. ಕಾಳುಮೆಣಸಿಗೆ ಹೆಸರುವಾಸಿ. ಹತ್ತಿರದಲ್ಲೇ ಸಮುದ್ರ, ಉಪ್ಪಿನ ಗದ್ದೆಗಳು. ಅಲ್ಲಿಗೆ ಹೋದ ದಿನವೇ ಗೆಳತಿಗೆ ಹೊಟ್ಟೆ ಕೆಟ್ಟು ಜ್ವರ ಬಂತು. ಔಷಧಿ ತಂದುಕೊಟ್ಟೆ, ಎಳನೀರು ತಂದೆ. ಅವಳು ಮಲಗಿದಳು. ನನಗೆ ಮಾಡಲು ಕೆಲಸವಿರಲಿಲ್ಲ. ಗೆಸ್ಟ್‌ಹೌಸಿನ ಮುಂದೆ ಕೂತು ರಸ್ತೆ ನೋಡುತ್ತಿದ್ದೆ.

ರಸ್ತೆಯ ತುಂಬ ಹೆಂಗಸರು ಗಾಡಿ ಓಡಿಸುತ್ತಿದ್ದರು. ಶಾಲೆಯ ಹುಡುಗಿಯರು, ಮೀನು ಮಾರುವವರು, ಅರವತ್ತು ದಾಟಿದ ಅಜ್ಜಿಯರು. ಒಬ್ಬಳು ಮುಂದೆ ಮಗು ನಿಲ್ಲಿಸಿಕೊಂಡು, ಹಿಂದೆ ಎರಡು ಚೀಲ ಅಕ್ಕಿ ಕಟ್ಟಿಕೊಂಡು ಹೋದಳು. ಯಾರೂ ಅವಳನ್ನು ತಿರುಗಿ ನೋಡಲಿಲ್ಲ. ನಾನೊಬ್ಬಳೇ ನೋಡಿದ್ದು.

ಗೆಸ್ಟ್‌ಹೌಸಿನ ಒಡತಿಗೆ ಐವತ್ತರ ಆಸುಪಾಸು. ಬಾಡಿಗೆಗೆ ಅಂತ ಅಂಗಳದಲ್ಲಿ ಮೂರು ಹೋಂಡಾ ವೇವ್ ನಿಲ್ಲಿಸಿದ್ದಳು. ದಿನಕ್ಕೆ 5 ಡಾಲರ್. ನನಗೆ ಬರುವುದಿಲ್ಲ ಎಂದು ಕೈಸನ್ನೆಯಲ್ಲಿ ಹೇಳಿದೆ. ಆಕೆಗೆ ಬರುತ್ತಿದ್ದದ್ದು ನಾಲ್ಕೈದು ಇಂಗ್ಲಿಷ್ ಪದ. ಒಳಗೆ ಹೋಗಿ ಹೆಲ್ಮೆಟ್ ತಂದು ನನ್ನ ತಲೆಗೆ ಹಾಕಿ ಬೆಲ್ಟ್ ಬಿಗಿದಳು. ಒಂದು ಮಾತು ಇಲ್ಲಿ ಹೇಳಬೇಕು. ಕಾಂಬೋಡಿಯದಲ್ಲಿ 125 ಸಿಸಿವರೆಗಿನ ಗಾಡಿಗೆ 2016ರಿಂದ ಲೈಸೆನ್ಸ್ ಬೇಕಿಲ್ಲ. ವೇವ್ ಆ ಮಿತಿಯೊಳಗಿನ ಗಾಡಿ. ಪಕ್ಕದ ದೇಶಗಳಲ್ಲಿ ಹಾಗಿಲ್ಲ. ಲೈಸೆನ್ಸ್ ಇಲ್ಲದೆ ಓಡಿಸಿ ಬಿದ್ದರೆ ಪ್ರವಾಸದ ವಿಮೆಯೂ ಸಾಮಾನ್ಯವಾಗಿ ಕೈ ಕೊಡುತ್ತದೆ. ಹೋಗುವವರು ಮೊದಲು ಇದನ್ನು ವಿಚಾರಿಸಿಕೊಳ್ಳಿ.

ಮೊದಲ ಒಂದು ಗಂಟೆ ಆಕೆ ಎಂಜಿನ್ ಚಾಲೂ ಮಾಡಲು ಬಿಡಲೇ ಇಲ್ಲ. ಗಾಡಿ ತಳ್ಳಿಕೊಂಡು ಅಂಗಳ ಸುತ್ತು ಅಂದಳು. ಎಡಕ್ಕೆ ತಿರುಗಿಸು, ಬಲಕ್ಕೆ ತಿರುಗಿಸು, ಸ್ಟ್ಯಾಂಡ್ ಹಾಕು, ತೆಗೆ. ಆಮೇಲೆ ಗಾಡಿಯನ್ನು ಬೇಕಂತಲೇ ನೆಲಕ್ಕೆ ಮಲಗಿಸಿ, ಎತ್ತು ಅಂದಳು. ಎತ್ತಿದೆ. ಮತ್ತೆ ಮಲಗಿಸಿದಳು. ಮೂರು ಸಲ. ನನಗೆ ಆಗ ಅರ್ಥವಾಗಲಿಲ್ಲ. ಈಗ ಅನ್ನಿಸುತ್ತದೆ, ಅದು ಎಲ್ಲಕ್ಕಿಂತ ಒಳ್ಳೆಯ ಪಾಠ. ಬಿದ್ದ ಗಾಡಿಯನ್ನು ನಾನೇ ಎತ್ತಬಲ್ಲೆ ಅಂತ ತೋಳಿಗೆ ಗೊತ್ತಾದ ಮೇಲೆ ಅದರ ಭಾರದ ಹೆದರಿಕೆ ಹೋಯಿತು.

ವೇವ್ ಗಾಡಿಗೆ ಕೈ ಕ್ಲಚ್ ಇಲ್ಲ. ಎಡಗೈಗೆ ಹ್ಯಾಂಡಲ್ ಹಿಡಿಯುವುದಷ್ಟೇ ಕೆಲಸ. ಎಡಗಾಲ ಬೆರಳಿನಿಂದ ಮುಂದಕ್ಕೆ ಒತ್ತಿದರೆ ಗೇರು ಏರುತ್ತದೆ, ಹಿಮ್ಮಡಿಯಿಂದ ಹಿಂದೆ ಒತ್ತಿದರೆ ಇಳಿಯುತ್ತದೆ. ಒಟ್ಟು ನಾಲ್ಕು ಗೇರು. ಗೇರು ಒತ್ತಿಹಿಡಿದಷ್ಟು ಹೊತ್ತು ಎಂಜಿನ್ನಿಗೂ ಚಕ್ರಕ್ಕೂ ಸಂಬಂಧ ತಪ್ಪಿರುತ್ತದೆ. ಕಾಲು ಬಿಟ್ಟಾಗ ಮತ್ತೆ ಕೂಡಿಕೊಳ್ಳುತ್ತದೆ. ಆ ಹೊತ್ತಿಗೆ ಆಕ್ಸಿಲರೇಟರ್ ತಿರುವಿದ್ದರೆ ಗಾಡಿ ಜಿಗಿಯುತ್ತದೆ. ನಾನು ಎಷ್ಟು ಸಲ ಜಿಗಿದೆನೋ. ಪ್ರತಿ ಸಲವೂ ಆಕೆ ಅಂಗೈ ಕೆಳಗೆ ಮಾಡಿ “ಯೂಟ್ ಯೂಟ್” ಅನ್ನುತ್ತಿದ್ದಳು. ನಿಧಾನ ಅಂತ ಅರ್ಥ. ನಮ್ಮವರು “ಸಾವಕಾಶ, ಸಾವಕಾಶ” ಅನ್ನುವುದೂ ಅದೇ ರಾಗದಲ್ಲಿ. ಗಾಬರಿಯಾದರೆ ಬಲಗೈ ತಾನಾಗಿ ಬಿಗಿಯುತ್ತದೆ, ಬಿಗಿದರೆ ಗಾಡಿ ಇನ್ನೂ ಓಡುತ್ತದೆ. ಕಾಲುವೆ ದಂಡೆಯ ಮೇಲೆ ನನಗೆ ಆಗಿದ್ದು ಅದೇ. ಅವತ್ತು ಅದನ್ನು ಯಾರೂ ಹೇಳಿಕೊಡಲಿಲ್ಲ. ತಮ್ಮನಿಗೂ ಗೊತ್ತಿರಲಿಲ್ಲ ಪಾಪ, ಅವನಿಗೆ ಆಗ ಹದಿನಾರು. ಗಾಬರಿಯಾದರೆ ಮೊದಲು ಕೈ ಸಡಿಲ ಮಾಡು, ಆಮೇಲೆ ಕಾಲಿನ ಬ್ರೇಕ್. ಇದನ್ನೇ ಆಕೆ ಇಪ್ಪತ್ತು ಸಲ ಮಾಡಿಸಿದಳು.

ಸಂಜೆ ಹೊಳೆ ದಂಡೆಯ ರಸ್ತೆಗೆ ಹೊರಟೆವು. ಆಕೆ ಹಿಂದೆ ಕೂತಿದ್ದಳು. ಅಲ್ಲಿ ಬಲಗಡೆ ಓಡಿಸಬೇಕು. ಓಡಿಸಲು ಹೊಸಬಳಾದ ನನಗೆ ಅದು ಅಷ್ಟು ತೊಂದರೆ ಕೊಡಲಿಲ್ಲ. ಮರೆಯಲು ಹಳೆಯ ಅಭ್ಯಾಸ ಇರಲಿಲ್ಲವಲ್ಲ. ಮೂರನೇ ಗೇರಿಗೆ ಹೋದಾಗ ಗಾಡಿ ತಾನಾಗಿ ನೆಟ್ಟಗೆ ನಿಂತಿತು. ಸೈಕಲ್ಲಿನ ಸಮತೋಲ ಎಲ್ಲಿತ್ತೋ, ವಾಪಸ್ ಬಂತು. ಹೊಳೆಯ ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಕಣ್ಣಲ್ಲಿ ನೀರು ಬಂತು, ಗಾಳಿಗಷ್ಟೇ ಅಲ್ಲ.

ಮರುದಿನ ಒಬ್ಬಳೇ ಹೋದೆ. ಸೇತುವೆ ದಾಟಿ, ಉಪ್ಪಿನ ಗದ್ದೆಗಳ ಕಡೆ. ಮಳೆ ಇಲ್ಲದ ತಿಂಗಳುಗಳಲ್ಲಿ ಅಲ್ಲಿ ಸಮುದ್ರದ ನೀರನ್ನು ಮಡಿಗಳಲ್ಲಿ ನಿಲ್ಲಿಸಿ, ಬಿಸಿಲಿಗೆ ಒಣಗಿಸಿ, ಉಪ್ಪು ತೆಗೆಯುತ್ತಾರೆ. ನಮ್ಮ ಭತ್ತದ ಮಡಿಗಳ ಹಾಗೆಯೇ ಚೌಕ ಚೌಕ. ಹಸಿರಿನ ಬದಲು ಬಿಳಿ. ಡಾಂಬರು ಮುಗಿದು ಕೆಂಪು ಮಣ್ಣಿನ ರಸ್ತೆ ಶುರುವಾಯಿತು. ಒಂದು ತಿರುವಿನಲ್ಲಿ ಉಸುಕು ಇತ್ತು. ಬಾತುಕೋಳಿಗಳು ಅಡ್ಡ ಬಂದವು. ನಾನು ಕಲಿತದ್ದೆಲ್ಲಾ ಮರೆತು ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದೆ. ಹ್ಯಾಂಡಲ್ ತಿರುಗಿತ್ತು, ಕೆಳಗೆ ಉಸುಕು. ಮುಂದಿನ ಚಕ್ರ ಜಾರಿತು. ಬಲಕ್ಕೆ ಬಿದ್ದೆ. ಮೀನಖಂಡ ಸೈಲೆನ್ಸರಿಗೆ ತಾಗಿ ಚುರ್ ಅಂತು.

ಎದುರಿನ ಮನೆಯಿಂದ ಇಬ್ಬರು ಹೆಂಗಸರು ಬಂದರು. ಒಬ್ಬಳು ಗಾಡಿ ಆಫ್ ಮಾಡಿ ಎತ್ತಲು ಕೈ ಹಾಕಿದಳು. ನಾನೂ ಇನ್ನೊಂದು ಕಡೆ ಹಿಡಿದೆ. ಇನ್ನೊಬ್ಬಳು ನನ್ನನ್ನು ಮನೆ ಮುಂದಿನ ದೊಡ್ಡ ನೀರಿನ ಗುಡಾಣದ ಹತ್ತಿರ ಕೂರಿಸಿ, ಬೋಗುಣಿಯಿಂದ ಕಾಲಿಗೆ ನೀರು ಹೊಯ್ಯುತ್ತಾ ಕೂತಳು. ನಾನು ಸಾಕು ಅಂದರೂ ನಿಲ್ಲಿಸಲಿಲ್ಲ. ಇಪ್ಪತ್ತು ನಿಮಿಷವಾದರೂ ಹೊಯ್ದಿರಬೇಕು. ಸುಟ್ಟ ಗಾಯಕ್ಕೆ ಮಾಡಬೇಕಾದದ್ದೇ ಅದು. ಟೂತ್‌ಪೇಸ್ಟ್ ಅಲ್ಲ, ಮಸಿ ಅಲ್ಲ, ತಣ್ಣೀರು. ಆಸ್ಪತ್ರೆಯಲ್ಲಿ ಕೆಲಸ ಮಾಡುವ ನನಗೆ ಇದು ಗೊತ್ತಿತ್ತು, ಆದರೆ ಆ ಹೊತ್ತಿಗೆ ನೆನಪಾಗಿರಲಿಲ್ಲ.

ಆಮೇಲೆ ಅವರು ಬ್ರೇಕ್ ಒತ್ತಿ ನೋಡಿದರು, ಹ್ಯಾಂಡಲ್ ತಿರುಗಿಸಿ ನೋಡಿದರು. ಸರಿ ಇದೆ ಅಂತ ತಲೆಯಾಡಿಸಿ ಕೀ ನನ್ನ ಕೈಗೆ ಕೊಟ್ಟರು.

ಆ ಕೀ ಅಂಗೈ ಮೇಲೆ ಇಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ನೆ ನಿಂತೆ. ನಮ್ಮ ಮನೆಯ ಬಾಗಿಲ ಪಕ್ಕದ ಮೊಳೆ ನೆನಪಾಯಿತು. ನಮ್ಮ ಊರಿನವರು ಕೆಟ್ಟವರಲ್ಲ. ಗಿರಣಿಯಲ್ಲಿ ಕೇಳಿದವರು ಕಾಳಜಿಗೇ ಕೇಳಿದ್ದು. ಈ ಇಬ್ಬರಿಗೂ ನನ್ನ ಭಾಷೆ ಬಂದಿದ್ದರೆ ಇವರೂ ಕೇಳುತ್ತಿದ್ದರೇನೋ. ಆದರೆ ಅವತ್ತು ಕಾಲುವೆ ದಂಡೆಯ ಮೇಲೆ ಯಾರಾದರೂ ಒಬ್ಬರು ಕೀ ನನ್ನ ಕೈಗೆ ವಾಪಸ್ ಕೊಟ್ಟಿದ್ದರೆ ಹನ್ನೊಂದು ವರ್ಷ ಉಳಿಯುತ್ತಿತ್ತು. ಇದನ್ನು ಈಗಲೂ ನೋವಿನಿಂದಲೇ ಹೇಳುತ್ತೇನೆ. ಗಂಡುಮಕ್ಕಳು ಬಿದ್ದರೆ ಗಾಡಿಗೆ ಏನಾಯಿತು ಅಂತ ನೋಡಿ ಮತ್ತೆ ಹತ್ತಿಸುತ್ತೇವೆ. ತಮ್ಮ ಎಷ್ಟು ಸಲ ಬಿದ್ದಿಲ್ಲ?

ಅಲ್ಲಿಯೂ ಕೈಮುಗಿಯುವುದೇ ನಮಸ್ಕಾರ. ಕೈಮುಗಿದೆ. ನಮ್ಮ ಗದ್ದೆಗೆ ಬಿದ್ದಿದ್ದ ಆ ಹೆಂಗಸು ಮುಗಿದಿದ್ದ ಹಾಗೆಯೇ. ಆಕೆಗೂ ಅವತ್ತು ಒಳಗೊಳಗೆ ಹೆದರಿಕೆ ಆಗಿರಬೇಕು ಅಂತ ನನಗೆ ಹೊಳೆದದ್ದು ಆಗಲೇ. ನಾವು ನೋಡಿದ್ದು ನಗುವನ್ನು ಮಾತ್ರ.

ಕಾಂಪೋಟಿನ ಪಕ್ಕ ಬೊಕೊರ್ ಬೆಟ್ಟವಿದೆ, 1000 ಮೀಟರಿಗೂ ಎತ್ತರ. ಬಂದವರೆಲ್ಲಾ ಬೈಕಿನಲ್ಲಿ ಹತ್ತುತ್ತಾರೆ. ಗೆಳತಿಗೆ ಹುಷಾರಾದ ಮೇಲೆ ಹೋಗೋಣ ಅಂದಳು. ನಾನು ಒಪ್ಪಲಿಲ್ಲ. ಎರಡು ದಿನದ ಕಲಿಕೆಗೆ ಬೆಟ್ಟದ ಇಳಿಜಾರು ಬೇಡ. ಬದಲಿಗೆ ಅವಳನ್ನು ಹಿಂದೆ ಕೂರಿಸಿಕೊಂಡು ಮೆಣಸಿನ ತೋಟ ನೋಡಿ ಬಂದೆವು.

ಊರಿಗೆ ಬಂದ ವಾರಕ್ಕೆ ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸ್, ಮಾಡಿಸಿದೆ. ಕಲಿಯಲು ತಮ್ಮನ ಸ್ಪ್ಲೆಂಡರ್. ಗೇರು ಅಲ್ಲಿಯ ಹಾಗೇ ಮುಂದಕ್ಕೆ ಒತ್ತಿದರೆ ಏರುತ್ತದೆ. ಆದರೆ ಇಲ್ಲಿ ಕ್ಲಚ್ ಇದೆ, ಎಡಗೈಗೂ ಕೆಲಸ ಬಂತು. ಪ್ರತಿ ಭಾನುವಾರ ಬಳ್ಳಾರಿಯಿಂದ ಬಂದು ಅದೇ ಕಾಲುವೆ ದಂಡೆಯ ಮೇಲೆ ಓಡಿಸಿದೆ. ನೋಡುವವರು ನೋಡಿದರು. ಎರಡು ಸಲ ಎಂಜಿನ್ ಆಫ್ ಆಗಿ ನಿಂತಾಗ ಗೊಬ್ಬರದ ಚೀಲ ಹೇರಿಕೊಂಡು ಹೋಗುತ್ತಿದ್ದ ಒಬ್ಬ ಹಿರಿಯರು ನಿಂತು, “ಕ್ಲಚ್ ಸಾವಕಾಶ ಬಿಡವ್ವ” ಅಂದು ಹೋದರು. ಯುಗಾದಿ ಕಳೆದ ಮೇಲೆ ಎಂಟರ ಆಕಾರದ ಟೆಸ್ಟ್. ಕಾಲು ಊರದೆ ಮುಗಿಸಿದೆ.

ಏಪ್ರಿಲ್ ಕೊನೆಯ ಒಂದು ಮಂಗಳವಾರ ಅವ್ವನನ್ನು ಕೂರಿಸಿಕೊಂಡು ಹುಲಿಗೆಮ್ಮನ ಗುಡಿಗೆ ಹೊರಟೆ. ಅವ್ವನಿಗೂ ಹೆಲ್ಮೆಟ್. “ಕಿವಿ ಕೇಳಂಗಿಲ್ಲ ಇದರಾಗ” ಅಂತ ಗೊಣಗಿದಳು. ಸಾಣಾಪುರದ ದಾರಿ ಹಿಡಿದೆವು. ಎರಡನೇ ಬೆಳೆಯ ಕೊಯ್ಲಿನ ಕಾಲ. ನಮ್ಮ ಕಡೆ ಆಗ ರಸ್ತೆಯೇ ಕಣ. ಅರ್ಧ ರಸ್ತೆಗೆ ಭತ್ತ ಹರವಿ, ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ಒಂದು ಕಡೆ ಎದುರಿನಿಂದ ಕೊಯ್ಲಿನ ಯಂತ್ರ ಬಂತು. ಅದು ಬಂದರೆ ಪೂರ್ತಿ ರಸ್ತೆ ಅದರದ್ದೇ. ಹಿಂದೆ ಲಾರಿ. ನಿಲ್ಲಲು ಜಾಗವಿರಲಿಲ್ಲ. ಕಲ್ಲುಗಳ ನಡುವಿನ ಸಂದಿಯಿಂದ ಭತ್ತದ ಮೇಲೆಯೇ ಹೋಗಬೇಕಾಯಿತು.

ಭತ್ತದ ಮೇಲೆ ಚಕ್ರ ಉಸುಕಿನ ಮೇಲೆ ಹೋದ ಹಾಗೆಯೇ. ಬಿಡಿ ಬಿಡಿ ಕಾಳು, ಹಿಡಿತವಿಲ್ಲ. ಅವ್ವನ ಕೈ ನನ್ನ ಭುಜವನ್ನು ಗಟ್ಟಿಯಾಗಿ ಹಿಡಿಯಿತು. ನನ್ನ ಬೆರಳು ಮುಂದಿನ ಬ್ರೇಕ್ ಕಡೆ ಹೋಯಿತು. ಹೋಗಿ, ನಿಂತಿತು. ಯೂಟ್ ಯೂಟ್. ಬಲಗೈ ಸಡಿಲ ಬಿಟ್ಟೆ. ಹ್ಯಾಂಡಲ್ ನೆಟ್ಟಗೆ ಹಿಡಿದೆ, ದೂರಕ್ಕೆ ನೋಡಿದೆ. ಗಾಡಿ ಒಂದೆರಡು ಸಲ ಓಲಾಡಿತು. ಹಾಗೇ ನಿಧಾನವಾಗಿ ಇನ್ನೊಂದು ತುದಿಗೆ ದಾಟಿ ಡಾಂಬರಿಗೆ ಬಂದೆವು.

ಭುಜದ ಮೇಲಿನ ಕೈ ಸಡಿಲಾಯಿತು. ಸ್ವಲ್ಪ ಮುಂದೆ ಹೋದ ಮೇಲೆ ಅವ್ವ ಭುಜ ತಟ್ಟಿದಳು.

“ಇಲ್ಲೇ ನಿಂದ್ರಸು.”

ನಿಲ್ಲಿಸಿದೆ. ಏನಾಯ್ತವ್ವ ಅಂದೆ.

“ಸೋನಾ ಮಸೂರಿ ಐತಿ ಅದು, ಕಾಳು ಚಲೋ ಅದಾವ. ಈ ಸಲ ಎಷ್ಟಕ್ಕ ಕೊಟ್ರು ಕೇಳಿ ಬರ್ತೀನಿ ತಡಿ.”

ಹೆಲ್ಮೆಟ್ ತೆಗೆದು ನನ್ನ ಕೈಗೆ ಕೊಟ್ಟು, ಭತ್ತ ತಿರುವುತ್ತಿದ್ದವರ ಕಡೆ ನಡೆದುಹೋದಳು.