ಹಳೆ ಕಾರಿಗೆ ಡಿಎಬಿ ರೇಡಿಯೋ ಹಾಕಿಸಿದ್ದು

ಇಂಗ್ಲೆಂಡಿನಲ್ಲಿ ಕಾರು ಓಡಿಸುತ್ತಾ ಟೆಸ್ಟ್ ಕಾಮೆಂಟರಿ ಕೇಳಬೇಕು ಅಂದ್ರೆ ಬಿಬಿಸಿಯ 5 ಸ್ಪೋರ್ಟ್ಸ್ ಎಕ್ಸ್‌ಟ್ರಾ ಸ್ಟೇಷನ್ ಬೇಕು. ಅದು ಡಿಜಿಟಲ್ ಮಾತ್ರ, ಎಫ್‌ಎಂನಲ್ಲಿ ಬರುವುದೇ ಇಲ್ಲ. ನನ್ನ 2009ರ ಕಾರಿನಲ್ಲಿ ಇದ್ದದ್ದು ಬರೀ ಎಫ್‌ಎಂ.

ಚೆನ್ನಾಗಿರೋ ಸ್ಟೀರಿಯೋ ಸುಮ್ನೆ ಕೀಳೋಕೆ ಮನಸ್ಸಾಗಲಿಲ್ಲ. ಡಿಎಬಿ, ಅಂದ್ರೆ ಡಿಜಿಟಲ್ ರೇಡಿಯೋ ಹಿಡಿಯುವ ಅಡಾಪ್ಟರ್ ತಂದು, ಹೊರಗಿನ ಸದ್ದನ್ನು ಸ್ಟೀರಿಯೋಗೆ ಕೊಡುವ ಆಕ್ಸ್ ಕೇಬಲ್ಲಿಗೆ ಸೇರಿಸಿದೆ. ಆಕ್ಸ್ ಇಲ್ಲದವರು ಎಫ್‌ಎಂನ ಖಾಲಿ ಜಾಗವೊಂದಕ್ಕೆ ಸದ್ದು ಕಳಿಸಬಹುದು, ಆದರೆ ಊರು ದಾಟಿದರೆ ಅಲ್ಲಿ ಬೇರೆ ಸ್ಟೇಷನ್ ಬಂದು ಕೂತಿರುತ್ತದೆ.

ಜಾಸ್ತಿ ಹೊತ್ತು ಹಿಡಿದದ್ದು ಆಂಟೆನಾ. ಮುಂದಿನ ಗಾಜಿನ ಒಳಗೆ ಅಂಟಿಸುವ ತೆಳು ಪಟ್ಟಿ ಅದು, ಅದರ ಇನ್ನೊಂದು ತುದಿಯ ತಗಡು ಗಾಜಿನ ಪಕ್ಕದಲ್ಲಿ ಕಾರಿನ ಚಾವಣಿ ಹೊತ್ತ ಕಂಬದ ಲೋಹಕ್ಕೆ ಗಟ್ಟಿಯಾಗಿ ಅಂಟಬೇಕು, ಇಲ್ಲದಿದ್ದರೆ ಸಿಗ್ನಲ್ ಸಾಲದು. ಆ ಕಂಬದೊಳಗೆ ಏರ್‌ಬ್ಯಾಗ್ ಇದ್ದರೆ ವೈರು ಅದರ ಮುಂದೆ ಹಾಯಲೇಬಾರದು, ದಯವಿಟ್ಟು ಗಮನಿಸಿ. ಸಿಗ್ನಲ್ ಸೋತರೆ ಎಫ್‌ಎಂ ಥರ ಗೊರಗೊರ ಇಲ್ಲ, ನೀರಿನಲ್ಲಿ ಗುಳುಗುಳು ಅಂದಂತಾಗಿ ಪೂರ್ತಿ ನಿಂತುಹೋಗುತ್ತದೆ.

2025ರ ಜುಲೈನಲ್ಲಿ ಲಾರ್ಡ್ಸ್‌ನಲ್ಲಿ ನಮ್ಮ ರಾಹುಲ್ 100 ಹೊಡೆದರಲ್ವಾ, ಅದನ್ನು ಹೆದ್ದಾರಿಯಲ್ಲೇ ಕೇಳಿದೆ. ಒಂದು ಬಾಲೂ ತಪ್ಪಲಿಲ್ಲ.