ಚಿತ್ರದ ಪಕ್ಕದ ಜಾಗ

ನಮ್ಮ ಡ್ರಾಯಿಂಗ್ ಮೇಷ್ಟ್ರು ಮೊದಲು ಚಿತ್ರ ನೋಡುತ್ತಿರಲಿಲ್ಲ. ಚಿತ್ರದ ಪಕ್ಕದ ಜಾಗ ನೋಡುತ್ತಿದ್ದರು. ಅಲ್ಲಿ ಏನೂ ಬರೆದಿಲ್ಲ ಅಂದರೆ ಸ್ಕೆಚ್‌ಬುಕ್ ವಾಪಸ್ ಬರುತ್ತಿತ್ತು. ಚಿತ್ರ ಎಷ್ಟೇ ಚೆನ್ನಾಗಿರಲಿ, ‘ಬರ್ಕೊಂಡು ಬಾ’ ಅನ್ನುತ್ತಿದ್ದರು, ಅಷ್ಟೇ. ಬೇರೆ ಶಾಲೆಯ ಗೆಳೆಯರಿಗೆ ಇದು ವಿಚಿತ್ರ ಅನಿಸುತ್ತಿತ್ತು. ಡ್ರಾಯಿಂಗ್ ಪೀರಿಯಡ್‌ನಲ್ಲಿ ಯಾಕೆ ಬರೆಯಬೇಕು ಅಂತ ಕೇಳುತ್ತಿದ್ದರು. ನಾನು ಶಾಲೆ ಬಿಟ್ಟು ಎಷ್ಟೋ ವರ್ಷ ಆದ ಮೇಲೂ ಆ ಅಭ್ಯಾಸ ಬಿಟ್ಟಿಲ್ಲ. ಶಾಲೆಯಲ್ಲಿ ಕಲಿತದ್ದರಲ್ಲಿ ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಯಾವುದು ಅಂದರೆ ಇದನ್ನೇ ಹೇಳುತ್ತೇನೆ.

ಏನು ಬರೆಯಬೇಕು ಅನ್ನುವುದಕ್ಕೆ ಅವರದೇ ಒಂದು ಕ್ರಮ ಇತ್ತು. ಮೊದಲು ತಾರೀಖು, ಗಂಟೆ. ಆಮೇಲೆ ಬೆಳಕು ಯಾವ ಕಡೆಯಿಂದ ಬರುತ್ತಿದೆ ಅಂತ ಒಂದು ಬಾಣದ ಗುರುತು. ಇಷ್ಟು ಕಡ್ಡಾಯ. ಅದಾದ ಮೇಲೆ ಚಿತ್ರದಲ್ಲಿ ಕಾಣದ ಒಂದು ವಿಷಯ ಬರೆಯಬೇಕಿತ್ತು. ಎಲೆಯ ಚಿತ್ರದ ಪಕ್ಕ ‘ಒಣಗಿದ ಎಲೆ’ ಅಂತ ಯಾರಾದರೂ ಬರೆದರೆ ಅವರಿಗೆ ಸಮಾಧಾನ ಆಗುತ್ತಿರಲಿಲ್ಲ. ‘ಎಲೆ ಅಂತ ಕಾಣ್ತಾ ಇದೆಯಲ್ಲಪ್ಪಾ. ಮುರಿದರೆ ಸದ್ದು ಬರುತ್ತಾ? ವಾಸನೆ ಇದೆಯಾ? ನಿನ್ನೆನೂ ಹೀಗೇ ಇತ್ತಾ?’ ಅಂತ ಕೇಳುತ್ತಿದ್ದರು. ‘ಸುಂದರ’, ‘ಅದ್ಭುತ’ ಎಂಬ ಮಾತುಗಳನ್ನು ಅವರು ಒಪ್ಪುತ್ತಲೇ ಇರಲಿಲ್ಲ. ಅವನ್ನು ನೋಡದೆಯೂ ಬರೆಯಬಹುದು ಅನ್ನುವುದು ಅವರ ತಕರಾರು. ಅದು ಸರಿ ಅಂತ ನನಗೆ ಈಗಲೂ ಅನಿಸುತ್ತದೆ.

ಅವರು ನಮ್ಮ ಚಿತ್ರವನ್ನು ತಿದ್ದುತ್ತಿರಲಿಲ್ಲ. ಪಕ್ಕದಲ್ಲಿ ಪೆನ್ಸಿಲ್‌ನಿಂದ ಸಣ್ಣ ಅಕ್ಷರದಲ್ಲಿ ಒಂದು ಪ್ರಶ್ನೆ ಬರೆದು ಕೊಡುತ್ತಿದ್ದರು. ನಾನು ಮೈದಾನದ ವಾಲಿಬಾಲ್ ಕಂಬ ಬರೆದಿದ್ದೆ. ಸಂಜೆ ಬಿಸಿಲು, ನೆರಳು ಉದ್ದಕ್ಕೆ ಬಿದ್ದಿತ್ತು. ನೆರಳಿನ ಎರಡೂ ಅಂಚಿಗೆ ಸ್ಕೇಲ್ ಇಟ್ಟ ಹಾಗೆ ಗೆರೆ ಎಳೆದಿದ್ದೆ. ಪುಸ್ತಕ ವಾಪಸ್ ಬಂದಾಗ ಪಕ್ಕದಲ್ಲಿ ಹೀಗಿತ್ತು: ‘ನೆರಳಿನ ತುದಿಗೂ ಬುಡಕ್ಕೂ ಅಂಚು ಒಂದೇ ಥರ ಇದೆಯಾ?’

ಮರುದಿನ ಅದೇ ಹೊತ್ತಿಗೆ ಹೋಗಿ ನೋಡಿದೆ. ಕಂಬದ ಬುಡದಲ್ಲಿ ನೆರಳಿನ ಅಂಚು ಚಾಕುವಿನಿಂದ ಕೊರೆದಷ್ಟು ಚೂಪು. ತುದಿಯ ಕಡೆ ಹೋದ ಹಾಗೆ ಅಂಚು ಮಸುಕಾಗುತ್ತಾ ಹೋಗಿ, ಎಲ್ಲಿ ಮುಗಿಯುತ್ತದೆ ಅಂತಲೇ ಹೇಳಲು ಬರುತ್ತಿರಲಿಲ್ಲ. ಮಂಡಿಯೂರಿ ಕೂತು ಅಂಚಿನ ಮೇಲೆ ಬೆರಳಿಟ್ಟು ನೋಡಿದೆ. ಬುಡದಲ್ಲಿ ಬೆರಳಿನ ಅರ್ಧ ನೆರಳಲ್ಲಿ, ಅರ್ಧ ಬಿಸಿಲಲ್ಲಿ. ತುದಿಯಲ್ಲಿ ಇಡೀ ಬೆರಳಿಗೆ ಅರೆ ಬೆಳಕು. ಇದನ್ನು ಹಾಗೇ ಬರೆದುಕೊಂಡು, ಕೆಳಗೆ ‘ಯಾಕೆ?’ ಅಂತ ಸೇರಿಸಿದೆ.

ಆ ಯಾಕೆಗೆ ಉತ್ತರ ಕೊಟ್ಟದ್ದು ಸೈನ್ಸ್ ಟೀಚರ್. ಸೂರ್ಯ ನಮಗೆ ಒಂದು ಚುಕ್ಕಿಯಾಗಿ ಕಾಣುವುದಿಲ್ಲ, ಹೆಚ್ಚು ಕಡಿಮೆ ಅರ್ಧ ಡಿಗ್ರಿ ಅಗಲದ ತಟ್ಟೆಯಾಗಿ ಕಾಣುತ್ತಾನೆ. ನೆರಳಿನ ಅಂಚಿನಲ್ಲಿ ಆ ತಟ್ಟೆಯ ಒಂದು ಭಾಗ ಮಾತ್ರ ಮರೆಯಾಗಿರುತ್ತದೆ, ಉಳಿದ ಭಾಗದ ಬೆಳಕು ಬೀಳುತ್ತಲೇ ಇರುತ್ತದೆ. ವಸ್ತುವಿನಿಂದ ನೆರಳು ಒಂದು ಮೀಟರ್ ದೂರ ಇದ್ದರೆ ಈ ಮಸುಕು ಅಂಚು ಸುಮಾರು 9 ಮಿಲಿಮೀಟರ್ ಅಗಲ. ನೆರಳು ಓರೆಯಾಗಿ ಬಿದ್ದರೆ ಇನ್ನೂ ಜಾಸ್ತಿ. ಪಠ್ಯದಲ್ಲಿ ಇದು ಇತ್ತು, ಪರೀಕ್ಷೆಗೆ ಓದಿಯೂ ಇದ್ದೆವು. ಆದರೆ ಮೈದಾನದ ಮಣ್ಣಿನ ಮೇಲೆ ಅದು ಬಿದ್ದಿರುವುದನ್ನು ತೋರಿಸಿದ್ದು ಚಿತ್ರದ ಪಕ್ಕದ ಆ ಪ್ರಶ್ನೆ.

ಇಂಥ ಪುಸ್ತಕ ಇಟ್ಟವರ ಕತೆಗಳನ್ನು ಮೇಷ್ಟ್ರು ಆಗಾಗ ಹೇಳುತ್ತಿದ್ದರು. ಕಾನ್ಸ್‌ಟೇಬಲ್ ಎಂಬ ಇಂಗ್ಲಿಷ್ ಚಿತ್ರಕಾರ 1821, 1822ರಲ್ಲಿ ಲಂಡನ್ ಹತ್ತಿರದ ಹ್ಯಾಂಪ್‌ಸ್ಟೆಡ್‌ನಲ್ಲಿ ಬರೀ ಮೋಡಗಳನ್ನು ಬರೆದ. ಎಷ್ಟೋ ಚಿತ್ರಗಳ ಹಿಂದೆ ತಾರೀಖು, ಹೊತ್ತು, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಅನ್ನುವುದನ್ನೂ ಬರೆದಿಟ್ಟ. ಮೋಡವನ್ನು ಬಣ್ಣದಲ್ಲಿ ತೋರಿಸಬಹುದು, ಗಾಳಿಯನ್ನು ತೋರಿಸುವುದು ಕಷ್ಟ ಅಲ್ವಾ? ಅದಕ್ಕೆ ಮಾತು ಬೇಕಾಯಿತು. ಡಾರ್ವಿನ್ 1837ರಲ್ಲಿ ತನ್ನ ನೋಟ್‌ಬುಕ್ಕಿನ ಒಂದು ಪುಟದ ಮೇಲೆ ‘ನನಗನಿಸುತ್ತದೆ’ ಅಂತ ಬರೆದು ನಿಲ್ಲಿಸಿದ. ಅದರ ಕೆಳಗೆ ಕವಲೊಡೆದ ಮರದ ಹಾಗೆ ಒಂದು ಗೀಚು. ಜೀವಿಗಳು ಒಂದರಿಂದ ಒಂದು ಹೇಗೆ ಕವಲಾಗಿರಬಹುದು ಅನ್ನುವುದು ಆ ಗೀಚಿನಲ್ಲಿತ್ತು. ಆ ವಿಚಾರದ ಪುಸ್ತಕ ಅಚ್ಚಾಗಿದ್ದು 1859ರಲ್ಲಿ. ಈ ಕತೆ ನನಗೆ ಈಗಲೂ ತುಂಬಾ ಇಷ್ಟ. ಮಾತು ಶುರು ಮಾಡಿದ್ದನ್ನು ಚಿತ್ರ ಮುಂದುವರಿಸಿತು.

ಎಲ್ಲ ಟಿಪ್ಪಣಿಯೂ ಬೆಳಕು, ಗಾಳಿಯ ಲೆಕ್ಕವೇ ಆಗಿರಬೇಕಿರಲಿಲ್ಲ. ಮನಸ್ಸಿನಲ್ಲಿ ಬಂದದ್ದನ್ನೂ ಬರೆಯಬಹುದಿತ್ತು. ಬೇರೆಯವರು ನೋಡಬಾರದು ಅನಿಸಿದ ಪುಟಗಳಿಗೆ ಕ್ಲಿಪ್ ಹಾಕಿ ಕೊಡಿ, ನಾನು ತೆಗೆಯುವುದಿಲ್ಲ ಅಂತ ಮೇಷ್ಟ್ರು ಮೊದಲೇ ಹೇಳಿದ್ದರು. ಅವರು ಒಂದು ಸಲವೂ ತೆಗೆಯಲಿಲ್ಲ. ಆ ನಂಬಿಕೆ ಇಲ್ಲದಿದ್ದರೆ ನಾವು ಯಾರೂ ನಿಜವಾದದ್ದನ್ನು ಬರೆಯುತ್ತಿರಲಿಲ್ಲ. ನಮ್ಮ ಕ್ಲಾಸಿನಲ್ಲಿ ಒಬ್ಬಳ ಪುಸ್ತಕದ ತುಂಬ ಕ್ಲಿಪ್‌ಗಳೇ ಇದ್ದವು. ಚಿತ್ರ ಸಣ್ಣದು, ಬರಹ ಪುಟದ ತುಂಬ. ಮೇಷ್ಟ್ರು ಅವಳಿಗೆ ಇನ್ನೊಂದು ಪುಸ್ತಕ ತಂದುಕೊಟ್ಟರು, ಬೇರೇನೂ ಹೇಳಲಿಲ್ಲ.

ನನ್ನದೂ ಒಂದು ಕ್ಲಿಪ್ ಹಾಕಿದ ಪುಟ ಇತ್ತು. ಮಧ್ಯಾಹ್ನ ಅಮ್ಮ ಮಲಗಿದ್ದಾಗ ಅವರ ಕೈ ಬರೆದದ್ದು. ಬೆರಳುಗಳು ಅರ್ಧ ಮಡಚಿದ್ದವು. ಹೆಬ್ಬೆರಳಿನ ಉಗುರಿನ ಪಕ್ಕ ಒಂದು ಸುಟ್ಟ ಗುರುತು, ಚರ್ಮ ಅಲ್ಲಿ ನುಣುಪಾಗಿ ಹೊಳೆಯುತ್ತಿತ್ತು. ಆ ಹೊಳಪು ತರಲು ಸುತ್ತ ಕಪ್ಪು ಮಾಡಿ, ನಡುವೆ ಕಾಗದವನ್ನು ಹಾಗೇ ಬಿಡಬೇಕಾಯಿತು. ಪಕ್ಕದಲ್ಲಿ ಬರೆದೆ: ‘ಇದು ಯಾವಾಗ ಆಯಿತು? ನಾನು ಯಾವತ್ತೂ ಕೇಳಿಲ್ಲ.’ ಎದ್ದ ಮೇಲೆ ಕೇಳಿದೆ. ನಾನು ಹುಟ್ಟುವುದಕ್ಕೆ ಮೊದಲಿನ ಕತೆ ಅದು. ಅಮ್ಮ ಹೇಳುತ್ತಾ ಹೋದರು, ನಾನು ಚಿತ್ರದ ಸುತ್ತ ಬರೆಯುತ್ತಾ ಹೋದೆ. ಜಾಗ ಸಾಲದೆ ಬೆರಳುಗಳ ನಡುವೆಯೂ ಬರೆದೆ. ಆ ಕತೆ ಆ ಪುಟದಲ್ಲೇ ಇರಲಿ.

ಸಾಮಾನುಗಳ ವಿಷಯದಲ್ಲಿ ಮೇಷ್ಟ್ರು ಹೆಚ್ಚು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಜಲವರ್ಣ ಹಚ್ಚುವ ಪುಟದಲ್ಲಿ ನೀರಿಗೆ ಹರಡದ ಇಂಕಿನಲ್ಲೇ ಬರೆಯಬೇಕು, ಇಲ್ಲದಿದ್ದರೆ ಅಕ್ಷರ ಕದಡಿಹೋಗುತ್ತದೆ. 6ಬಿ ಥರದ ಮೆತ್ತನೆ ಪೆನ್ಸಿಲ್ ಬಳಸಿದರೆ ಎದುರು ಪುಟಕ್ಕೆ ಮಸಿ ಹತ್ತುತ್ತದೆ, ನಡುವೆ ಒಂದು ತೆಳು ಹಾಳೆ ಇಡಬೇಕು. ಬಣ್ಣ ಕೈಯಲ್ಲಿಲ್ಲದಾಗ ಬಣ್ಣದ ಹೆಸರನ್ನು ಆಯಾ ಜಾಗದಲ್ಲೇ ಬರೆದುಕೊಳ್ಳಬೇಕು. ಸುಮ್ನೆ ‘ಹಸಿರು’ ಅಂದರೆ ಮನೆಗೆ ಹೋದ ಮೇಲೆ ಏನೂ ನೆನಪಾಗುವುದಿಲ್ಲ. ‘ಹಳದಿಗೆ ತಿರುಗಿದ ಹಸಿರು, ಹಿಂದಿನ ಗೋಡೆಗಿಂತ ಕಪ್ಪು’ ಅಂತ ಬರೆದರೆ ನೆನಪಾಗುತ್ತದೆ. ಡಚ್ ಚಿತ್ರಕಾರ ವ್ಯಾನ್ ಗೋ ತನ್ನ ತಮ್ಮ ಥಿಯೋಗೆ ಬರೆದ ಪತ್ರಗಳ ಸ್ಕೆಚ್‌ಗಳಲ್ಲೂ ಹೀಗೆ ಬಣ್ಣದ ಹೆಸರುಗಳಿವೆ.

ನಾನು ಚಿತ್ರಕಾರನಾಗಲಿಲ್ಲ. ಹಳೆಯ ಕಟ್ಟಡಗಳನ್ನು ಪರೀಕ್ಷಿಸುವ ಸಿವಿಲ್ ಎಂಜಿನಿಯರ್ ಆದೆ. ಗೋಡೆಯಲ್ಲಿ ಬಿರುಕು ಕಂಡರೆ ಮೊದಲು ಫೋಟೋ ತೆಗೆಯುತ್ತೇವೆ. ಆದರೆ ಬಿರುಕು ಬೆಳೆಯುತ್ತಿದೆಯಾ, ನಿಂತಿದೆಯಾ ಅನ್ನುವುದು ಒಂದು ಫೋಟೋದಲ್ಲಿ ಗೊತ್ತಾಗುವುದಿಲ್ಲ. ಬಿರುಕಿನ ತುದಿ ಎಲ್ಲಿದೆಯೋ ಅಲ್ಲಿ ಗೋಡೆಯ ಮೇಲೆ ಅಡ್ಡ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯುತ್ತೇವೆ. ಮುಂದಿನ ಸಲ ಬಂದಾಗ ಬಿರುಕು ಗೆರೆ ದಾಟಿದ್ದರೆ ಮತ್ತೊಂದು ಗೆರೆ, ಮತ್ತೊಂದು ತಾರೀಖು. ನನ್ನ ಪುಸ್ತಕದಲ್ಲೂ ಅದೇ ಗೋಡೆ, ಅದೇ ಗೆರೆಗಳು. ಜೊತೆಗೆ ‘ಮಳೆ ನಿಂತ ಮೇಲೂ ಕೆಳಗಿನ ಭಾಗ ಒದ್ದೆ’, ‘ಬಾಗಿಲು ಈಗ ನೆಲಕ್ಕೆ ತಾಗುತ್ತಿದೆ, ಮನೆಯವರು ಹೇಳಿದ್ದು’ ಅಂತ ಸಣ್ಣ ಮಾತುಗಳು. ಎಷ್ಟೋ ಸಲ ಗೋಡೆ ಯಾಕೆ ಸೀಳಿತು ಅನ್ನುವುದು ಈ ಮಾತುಗಳಿಂದಲೇ ತಿಳಿದಿದೆ. ಗೆಲಿಲಿಯೋ 1610ರ ಜನವರಿಯಲ್ಲಿ ಗುರುಗ್ರಹದ ಪಕ್ಕದ ಚುಕ್ಕಿಗಳನ್ನು ತಾರೀಖು ಹಾಕಿ ರಾತ್ರಿ ರಾತ್ರಿಯೂ ಬರೆದಿಟ್ಟದ್ದರಿಂದಲೇ ಅವು ಜಾಗ ಬದಲಿಸುತ್ತಿವೆ, ಗುರುವಿನ ಸುತ್ತ ತಿರುಗುತ್ತಿವೆ ಅಂತ ಅವನಿಗೆ ತಿಳಿಯಿತು. ಬಿರುಕಿನ ಪಕ್ಕ ತಾರೀಖು ಹಾಕುವಾಗ ಮೇಷ್ಟ್ರ ಆ ‘ನಿನ್ನೆನೂ ಹೀಗೇ ಇತ್ತಾ?’ ನನಗೆ ಕೇಳಿಸುತ್ತದೆ.

ಮೇಷ್ಟ್ರು ನಿವೃತ್ತರಾಗಿದ್ದಾರೆ. ಹೋದಾಗಲೆಲ್ಲ ನನ್ನ ಪುಸ್ತಕ ಕೇಳುತ್ತಾರೆ. ಕನ್ನಡಕ ಸರಿಮಾಡಿಕೊಂಡು ಪಕ್ಕದ ಬರಹ ಮೊದಲು ಓದುತ್ತಾರೆ. ಈಗಲೂ ಪೆನ್ಸಿಲ್ ಕೇಳುತ್ತಾರೆ.

ಈ ಲೇಖನದ ಜೊತೆ ನನ್ನ ಒಂದು ಸ್ಕೆಚ್‌ಬುಕ್ಕನ್ನೂ ಶಾಲೆಯ ಡ್ರಾಯಿಂಗ್ ಕೋಣೆಗೆ ಕಳಿಸುತ್ತಿದ್ದೇನೆ. ಒಂದು ಹಳೆಯ ಮನೆಯ ಗೋಡೆ, ಕಿಟಕಿ, ಮೆಟ್ಟಿಲು ಅದರಲ್ಲಿವೆ. ಬೇಕೆಂದೇ ಅಂಚಿನಲ್ಲಿ ಜಾಗ ಬಿಟ್ಟಿದ್ದೇನೆ. ಈಗಿನ ಮಕ್ಕಳು ಅದನ್ನು ನೋಡುವಾಗ ಏನಾದರೂ ಪ್ರಶ್ನೆ ಹೊಳೆದರೆ, ಪೆನ್ಸಿಲ್‌ನಲ್ಲಿ ಅಲ್ಲೇ ಬರೆಯಿರಿ. ಮುಂದಿನ ಬೇಸಿಗೆಯಲ್ಲಿ ಬಂದು ಓದುತ್ತೇನೆ. ನನಗೆ ಗೊತ್ತಿದ್ದಷ್ಟಕ್ಕೆ ಉತ್ತರ ಬರೆಯುತ್ತೇನೆ. ಗೊತ್ತಿಲ್ಲದ್ದಕ್ಕೆ ಆ ಮನೆಗೆ ಮತ್ತೆ ಹೋಗಿ ನೋಡಿ ಬರುತ್ತೇನೆ.