ಬಣ್ಣದಲ್ಲೇ ಎದ್ದ ಗುಮ್ಮಟ

ಬೆಳಗ್ಗೆಯಿಂದ ತಲೆಯಲ್ಲಿ ಒಂದೇ ಗುಮ್ಮಟ ಕೂತಿದೆ. ರೋಮ್‌ನ ಸಂತ ಇಗ್ನೇಷಿಯಸ್ ಚರ್ಚಿನದ್ದು. ಅಸಲಿಗೆ ಅಲ್ಲಿ ಗುಮ್ಮಟವೇ ಇಲ್ಲ! ಕಟ್ಟಬೇಕಿದ್ದದ್ದು ಕಟ್ಟದೆ ಉಳಿಯಿತು. 1685ರಲ್ಲಿ ಚಿತ್ರಕಾರ ಆಂಡ್ರಿಯಾ ಪೊಝೊ ಸುಮಾರು 17 ಮೀಟರ್ ಅಗಲದ ಕ್ಯಾನ್ವಾಸ್ ಮೇಲೆ ಅದನ್ನು ಬರೆದೇಬಿಟ್ಟರು. ಚಪ್ಪಟೆ ಬಟ್ಟೆ, ಅಷ್ಟೇ. ಆದರೆ ನೆಲದಲ್ಲಿ ಗುರುತು ಮಾಡಿರುವ ಕಲ್ಲಿನ ಮೇಲೆ ನಿಂತು ತಲೆ ಎತ್ತಿದರೆ, ಕಂಬಗಳ ಸಾಲು ಮೇಲೆ ಮೇಲೆ ಏರಿ, ತುದಿಯ ಕಿಂಡಿಯಿಂದ ಬೆಳಕು ಇಳಿದಂತೆ ಕಾಣುತ್ತದೆ. ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದರೆ ಸಾಕು, ಇಡೀ ಗುಮ್ಮಟ ವಾಲತೊಡಗುತ್ತದೆ.

ನನಗೆ ಜಾಸ್ತಿ ಇಷ್ಟವಾದದ್ದು ಆ ಕಂಬಗಳ ಬುಡ. ಗೋಡೆಯಿಂದ ಹೊರಚಾಚಿದ ಬ್ರಾಕೆಟ್‌ಗಳ ಮೇಲೆ ಅವು ನಿಂತಿವೆ. ಕಟ್ಟಡ ಬಲ್ಲವರು ಆಗ ಇದಕ್ಕೂ ತಕರಾರು ತೆಗೆದರಂತೆ, ಅಷ್ಟು ಭಾರ ಅವು ಹೊರುತ್ತವಾ ಅಂತ. ಬಣ್ಣದ ಕಂಬಕ್ಕೆ ಎಲ್ಲಿಯ ಭಾರ, ಅಲ್ವಾ? ಆದರೂ ಆ ತಕರಾರು ನನಗೆ ಅರ್ಥವಾಗುತ್ತದೆ. ಕಂಬ ಕಂಡ ಕೂಡಲೇ ನಮ್ಮ ಕಣ್ಣು ಕೆಳಗೆ ಹೋಗಿ ಆಧಾರ ಹುಡುಕುತ್ತದೆ, ಅದು ಕಲ್ಲಿನದ್ದಾಗಲಿ, ಚಿತ್ರದ್ದಾಗಲಿ.

ನಾನು ನೋಡಿದ ಫೋಟೊಗಳೆಲ್ಲ ಆ ಸರಿಯಾದ ಜಾಗದಿಂದಲೇ ತೆಗೆದವು. ಪಕ್ಕದಿಂದ ತೆಗೆದದ್ದು ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ಕಳಿಸಿ.